ಚರ್ಮದ ಕ್ಯಾನ್ಸರ್‌ನಲ್ಲಿ ಪ್ರೋಟೀನ್ ಮಾರ್ಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಯೋಪ್ಸಿ ರಿಪೋರ್ಟ್ ಕೈಗೆ ಸಿಕ್ಕ ಮೇಲೆ ಎಲ್ಲರ ತಲೆಯಲ್ಲೂ ಓಡುವುದು ಒಂದೇ ಪ್ರಶ್ನೆ, ಮುಂದೇನು? ರಕ್ತದಲ್ಲೋ ಗಡ್ಡೆಯಲ್ಲೋ ಇರುವ ಯಾವುದಾದರೂ ಪ್ರೋಟೀನ್ ಇದಕ್ಕೆ ಉತ್ತರ ಕೊಡುತ್ತದಾ ಅಂತ ಹುಡುಕಾಟ ಶುರುವಾಗಿ ದಶಕಗಳೇ ಕಳೆದವು. ಕೆಲವು ಸಿಕ್ಕಿವೆ. ಬಹಳಷ್ಟು ಸಿಕ್ಕಂತೆ ಮಾಡಿ ಕೈತಪ್ಪಿವೆ. ಇಲ್ಲಿ ಎರಡರ ಬಗ್ಗೆಯೂ ಬರೆದಿದ್ದೇನೆ. ಡಾಕ್ಟರ್ ಹೇಳಿದ್ದು ಸರಿಯಾಗಿ ಅರ್ಥವಾಗಲಿ ಅಂತ ಓದಿ, ಅವರ ಬದಲಿಗೆ ಅಂತ ಬೇಡ.

ಬಯೋಮಾರ್ಕರ್ ಅಂದ್ರೆ ಏನು? ಅದರಲ್ಲಿ ಪ್ರೋಟೀನೇ ಯಾಕೆ?

ದೇಹದಲ್ಲಿ ಅಳೆಯಲು ಬರುವ ಯಾವುದೇ ಗುರುತು ಬಯೋಮಾರ್ಕರ್. ಸಕ್ಕರೆ ಕಾಯಿಲೆಗೆ ರಕ್ತದ ಗ್ಲುಕೋಸ್ ಹೇಗೋ ಹಾಗೆ. ಜೀನ್‌ನಲ್ಲಿ ಬರೆದಿರುವುದು ಬರೀ ಸೂಚನೆ, ಜೀವಕೋಶದಲ್ಲಿ ನಿಜವಾಗಿ ಕೆಲಸ ಮಾಡುವುದು ಪ್ರೋಟೀನ್. ಕ್ಯಾನ್ಸರ್ ಕೋಶ ಬೆಳೆಯುವಾಗ, ಸಾಯುವಾಗ, ಬೇರೆ ಅಂಗಕ್ಕೆ ಹೋಗುವಾಗ ಅದರ ಪ್ರೋಟೀನ್‌ಗಳು ಬದಲಾಗುತ್ತವೆ, ಕೆಲವು ರಕ್ತಕ್ಕೂ ಸೋರುತ್ತವೆ. ಹಾಗಾಗಿ ಎರಡು ಕಡೆ ನೋಡಬಹುದು: ಒಂದು ರಕ್ತದಲ್ಲಿ, ಇನ್ನೊಂದು ಬಯೋಪ್ಸಿಯಲ್ಲಿ ತೆಗೆದ ತುಂಡಿನಲ್ಲಿ. ಇವೆರಡನ್ನೂ ಕಲಸಿಕೊಳ್ಳಬೇಡಿ. ಗೊಂದಲವೆಲ್ಲ ಅಲ್ಲಿಂದಲೇ ಶುರುವಾಗುವುದು.

ಚರ್ಮದ ಕ್ಯಾನ್ಸರ್ ಎಲ್ಲವೂ ಒಂದೇನಾ?

ಇಲ್ಲ. ಬೇಸಲ್ ಸೆಲ್ ಕಾರ್ಸಿನೋಮ, ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಮೆಲನೋಮ ಈ ಮೂರು ಮುಖ್ಯವಾದವು. ಮರ್ಕೆಲ್ ಸೆಲ್ ಕಾರ್ಸಿನೋಮ ಅಪರೂಪದ್ದು, ಆದರೆ ಜೋರಿನದು. ಸಂಖ್ಯೆಯಲ್ಲಿ ಬೇಸಲ್ ಸೆಲ್ ಎಲ್ಲಕ್ಕಿಂತ ಜಾಸ್ತಿ, ಪ್ರಾಣ ತೆಗೆಯುವುದರಲ್ಲಿ ಮೆಲನೋಮ ಮುಂದು. ಮಾರ್ಕರ್ ಸಂಶೋಧನೆಯ ಬಹುಪಾಲು ಮೆಲನೋಮದ ಮೇಲೇ ನಡೆದಿದೆ. ಹಾಗಾಗಿ ಕೆಳಗೆ ಬೇರೆ ಹೆಸರು ಹೇಳದೆ ಇದ್ದಲ್ಲೆಲ್ಲ ಮೆಲನೋಮ ಅಂತಲೇ ಓದಿಕೊಳ್ಳಿ.

ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಮುಂದೆ ಏನಾಗುತ್ತದೆ ಅಂತ ಗೊತ್ತಾಗುತ್ತದಾ?

ಹಾಗೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಆರಂಭದ ಹಂತದ ಮೆಲನೋಮದಲ್ಲಿ ಈಗಲೂ ಎಲ್ಲಕ್ಕಿಂತ ಹೆಚ್ಚು ಹೇಳುವುದು ಗಡ್ಡೆಯ ದಪ್ಪ. ಮಿಲಿಮೀಟರ್ ಲೆಕ್ಕ, ಅಷ್ಟೇ. ಅಲೆಕ್ಸಾಂಡರ್ ಬ್ರೆಸ್ಲೋ ಅನ್ನುವ ಪ್ಯಾಥಾಲಜಿಸ್ಟ್ 1970ರಲ್ಲಿ ಇದನ್ನು ತೋರಿಸಿದರು. ಇಂದಿಗೂ ರಿಪೋರ್ಟ್‌ನಲ್ಲಿ 'ಬ್ರೆಸ್ಲೋ ದಪ್ಪ' ಅಂತ ಅವರ ಹೆಸರಲ್ಲೇ ಬರುತ್ತದೆ. 1 ಮಿ.ಮೀ. ಒಳಗಿದ್ದರೆ ಟಿ1, 1ರಿಂದ 2 ಟಿ2, 2ರಿಂದ 4 ಟಿ3, 4 ದಾಟಿದರೆ ಟಿ4. ಅದರ ಜೊತೆ ಮೇಲ್ಚರ್ಮ ಹುಣ್ಣಾಗಿದೆಯಾ, ಹತ್ತಿರದ ಲಿಂಫ್ ಗ್ರಂಥಿಗೆ ಹರಡಿದೆಯಾ ಅಂತ ನೋಡುತ್ತಾರೆ. ಗಡ್ಡೆಯಿಂದ ದ್ರವ ಮೊದಲು ಹರಿದು ಸೇರುವ ಗ್ರಂಥಿಯನ್ನು ಹುಡುಕಿ ತೆಗೆದು ನೋಡುವುದಕ್ಕೆ ಸೆಂಟಿನೆಲ್ ನೋಡ್ ಬಯೋಪ್ಸಿ ಅನ್ನುತ್ತಾರೆ. ಮೆಲನೋಮದಲ್ಲಿ ಈ ವಿಧಾನವನ್ನು ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು.

ಇವಿಷ್ಟು ಸೇರಿ ಸ್ಟೇಜ್ ಆಗುತ್ತದೆ. ಕ್ಯಾನ್ಸರ್ ಸ್ಟೇಜಿನ ನಿಯಮ ಮಾಡುವ ಅಮೆರಿಕದ ಸಮಿತಿ ಎಜೆಸಿಸಿ, ಅದರ ನಿಯಮಾವಳಿಯ 8ನೇ ಆವೃತ್ತಿಯ ಪ್ರಕಾರ, 1ನೇ ಸ್ಟೇಜ್‌ನವರಲ್ಲಿ 5 ವರ್ಷದ ನಂತರವೂ ಮೆಲನೋಮದಿಂದ ಸಾಯದೆ ಇರುವವರು 98%. 3ನೇ ಸ್ಟೇಜ್‌ನಲ್ಲಿ ಒಟ್ಟಾರೆ 77%. ಆದರೆ ಅದೇ 3ನೇ ಸ್ಟೇಜ್‌ನ ಒಳಗೆ ನೋಡಿ, 3ಎ ಅಂದರೆ 93%, 3ಡಿ ಅಂದರೆ 32%. 'ಮೂರನೇ ಸ್ಟೇಜ್' ಅಂತ ಕೇಳಿ ಕುಸಿದು ಕೂರುವ ಮೊದಲು ಮುಂದಿನ ಅಕ್ಷರ ಯಾವುದು ಅಂತ ಕೇಳಿ. ಯಾವುದೇ ಹೊಸ ಪ್ರೋಟೀನ್ ಪರೀಕ್ಷೆ ಈ ಮಾಹಿತಿಯ ಮೇಲೆ ಇನ್ನೇನಾದರೂ ಸೇರಿಸಬೇಕು. ಇಲ್ಲದಿದ್ದರೆ ಅದಕ್ಕೆ ದುಡ್ಡು ಹಾಕಿ ಏನು ಪ್ರಯೋಜನ?

ಎಲ್‌ಡಿಎಚ್ ಅಂತ ಬರೆದಿದ್ದಾರೆ. ಅದೇನು?

ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಇದೊಂದು ಎನ್‌ಜೈಮ್, ಅಂದರೆ ಪ್ರೋಟೀನೇ. ಎಲ್ಲ ಜೀವಕೋಶದಲ್ಲೂ ಇರುತ್ತದೆ. ವೇಗವಾಗಿ ಬೆಳೆಯುವ ಗಡ್ಡೆ ಸಕ್ಕರೆಯನ್ನು ಮನಸೋಇಚ್ಛೆ ಉರಿಸಿ ಲ್ಯಾಕ್ಟೇಟ್ ಮಾಡುತ್ತದೆ, ಆಕ್ಸಿಜನ್ ಇದ್ದರೂ ಮಾಡುತ್ತದೆ. ಅದಕ್ಕೆ ಈ ಎನ್‌ಜೈಮ್ ಜಾಸ್ತಿ ಬೇಕು. ಗಡ್ಡೆ ದೊಡ್ಡದಾದ ಹಾಗೆ ಒಳಗಿನ ಕೋಶಗಳಿಗೆ ರಕ್ತ ಸಾಲದೆ ಸಾಯುತ್ತವೆ, ಒಡೆಯುತ್ತವೆ, ಒಳಗಿದ್ದ ಎಲ್‌ಡಿಎಚ್ ರಕ್ತಕ್ಕೆ ಸುರಿಯುತ್ತದೆ.

ಬೇರೆ ಅಂಗಗಳಿಗೆ ಹರಡಿದ ಮೆಲನೋಮದಲ್ಲಿ, ಅಂದರೆ 4ನೇ ಸ್ಟೇಜ್‌ನಲ್ಲಿ, ಅಧಿಕೃತ ಸ್ಟೇಜಿಂಗ್ ಒಳಗೆ ಜಾಗ ಸಿಕ್ಕಿರುವ ರಕ್ತದ ಮಾರ್ಕರ್ ಇದೊಂದೇ. 2018ರಿಂದ ಬಳಕೆಯಲ್ಲಿರುವ 8ನೇ ಆವೃತ್ತಿಯಲ್ಲಿ ಆವರಣದಲ್ಲಿ ಒಂದು ಅಂಕಿ ಸೇರಿಸುತ್ತಾರೆ. 'ಎಂ1ಸಿ(1)' ಅಂತ ಇದ್ದರೆ ಶ್ವಾಸಕೋಶ ಬಿಟ್ಟು ಬೇರೆ ಒಳ ಅಂಗಕ್ಕೆ ಹರಡಿದೆ, ಮೆದುಳಿಗೆ ಹೋಗಿಲ್ಲ, ಎಲ್‌ಡಿಎಚ್ ಏರಿದೆ ಅಂತ ಅರ್ಥ. '(0)' ಇದ್ದರೆ ಎಲ್‌ಡಿಎಚ್ ನಾರ್ಮಲ್.

ಇದು ಎಷ್ಟು ವ್ಯತ್ಯಾಸ ತೋರಿಸುತ್ತದೆ ಅಂತ ಒಂದು ಉದಾಹರಣೆ. ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಮಾತ್ರೆಗಳನ್ನು ಜೊತೆಯಾಗಿ ತೆಗೆದುಕೊಂಡ 563 ರೋಗಿಗಳನ್ನು 5 ವರ್ಷ ಗಮನಿಸಿದ ವರದಿ 2019ರಲ್ಲಿ ಬಂತು. ಒಟ್ಟಾರೆ 34% ಜನ 5 ವರ್ಷಕ್ಕೆ ಬದುಕಿದ್ದರು. ಶುರುವಿನಲ್ಲಿ ಎಲ್‌ಡಿಎಚ್ ನಾರ್ಮಲ್ ಇದ್ದವರಲ್ಲಿ ಅದು 43%, ಏರಿದ್ದವರಲ್ಲಿ 16%. ಅದೇ ಔಷಧ, ಅದೇ ಕಾಯಿಲೆ. ಹಳೇ ಕಾಲದ, ಯಾವ ಲ್ಯಾಬ್‌ನಲ್ಲಾದರೂ ಆಗುವ ಪರೀಕ್ಷೆ ಇಷ್ಟು ಹೇಳುತ್ತದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ನನ್ನ ಎಲ್‌ಡಿಎಚ್ ಜಾಸ್ತಿ ಬಂದಿದೆ. ಕ್ಯಾನ್ಸರ್ ಹರಡಿದೆ ಅಂತಾನಾ?

ಅದೊಂದನ್ನೇ ನೋಡಿ ಹಾಗೆ ಹೇಳಲು ಆಗುವುದಿಲ್ಲ. ಹೊಗೆ ಕಂಡರೆ ಎಲ್ಲೋ ಏನೋ ಉರಿಯುತ್ತಿದೆ ಅನ್ನಬಹುದು, ಯಾರ ಮನೆ ಒಲೆ ಅಂತ ಹೇಗೆ ಹೇಳುವುದು? ಲಿವರ್ ತೊಂದರೆ, ಹೃದಯಾಘಾತ, ಸ್ನಾಯುವಿಗೆ ಪೆಟ್ಟು, ಕೆಂಪು ರಕ್ತಕಣ ಒಡೆಯುವ ಕಾಯಿಲೆ, ಹಿಂದಿನ ದಿನದ ಜೋರು ವ್ಯಾಯಾಮ, ಯಾವುದರಿಂದಲೂ ಏರಬಹುದು.

ಎಲ್ಲಕ್ಕಿಂತ ಚಿಕ್ಕ ಕಾರಣ ಟ್ಯೂಬ್‌ನಲ್ಲೇ ಇರುತ್ತದೆ. ಕೆಂಪು ರಕ್ತಕಣದೊಳಗೆ ಎಲ್‌ಡಿಎಚ್ ತುಂಬಾ ಇದೆ, ಸೀರಮ್‌ನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೂಜಿ ಸಣ್ಣದಿದ್ದು ರಕ್ತವನ್ನು ಜೋರಾಗಿ ಎಳೆದರೆ, ಟ್ಯೂಬನ್ನು ಅಲುಗಾಡಿಸಿದರೆ, ಬೇರ್ಪಡಿಸದೆ ಗಂಟೆಗಟ್ಟಲೆ ಇಟ್ಟರೆ ಕಣಗಳು ಒಡೆಯುತ್ತವೆ. ಸೆಂಟ್ರಿಫ್ಯೂಜ್‌ನಿಂದ ಹೊರ ಬಂದಾಗ ತಿಳಿ ಹಳದಿ ಇರಬೇಕಾದ ಸೀರಮ್ ನಸುಗೆಂಪು ಕಾಣುತ್ತದೆ. ಆ ಸ್ಯಾಂಪಲ್‌ನಲ್ಲಿ ಎಲ್‌ಡಿಎಚ್ ಜಾಸ್ತಿ ಬಂದೇ ಬರುತ್ತದೆ. ರಿಪೋರ್ಟ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ 'ಹೀಮೋಲೈಸ್ಡ್' ಅಂತ ಬರೆದಿದ್ದರೆ ಗಾಬರಿ ಆಗುವ ಮುನ್ನ ಇನ್ನೊಮ್ಮೆ ರಕ್ತ ಕೊಟ್ಟು ನೋಡಿ.

ಎಸ್100ಬಿ ಪರೀಕ್ಷೆ ಒಳ್ಳೆಯದಂತೆ, ನಮ್ಮ ಡಾಕ್ಟರ್ ಬರೆದೇ ಇಲ್ಲ. ಯಾಕೆ?

ದೇಶ ದೇಶಕ್ಕೆ ರೂಢಿ ಬೇರೆ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಮೆಲನೋಮ ರೋಗಿಗಳ ಫಾಲೋಅಪ್‌ನಲ್ಲಿ ಇದನ್ನು ಮಾಡಿಸುತ್ತಾರೆ. ಅಮೆರಿಕದಲ್ಲಿ ವಾಡಿಕೆ ಇಲ್ಲ. ಇಬ್ಬರ ಹತ್ತಿರವೂ ಅವರದೇ ಕಾರಣ ಇದೆ.

ಎಸ್100ಬಿ ಕ್ಯಾಲ್ಸಿಯಂ ಹಿಡಿಯುವ ಒಂದು ಪುಟ್ಟ ಪ್ರೋಟೀನ್. ಮೆಲನೋಮ ಕೋಶದಲ್ಲಿ ಚೆನ್ನಾಗಿ ಇರುತ್ತದೆ. ಹರಡಿದ ಕಾಯಿಲೆ ಇದ್ದಾಗ ರಕ್ತದಲ್ಲಿ ಏರುತ್ತದೆ, ಚಿಕಿತ್ಸೆ ಹಿಡಿದರೆ ಇಳಿಯುತ್ತದೆ. ಸಾಮಾನ್ಯವಾಗಿ ಲೀಟರ್‌ಗೆ 0.1 ಮೈಕ್ರೋಗ್ರಾಂ ಆಸುಪಾಸು ಮಿತಿ ಇಟ್ಟುಕೊಳ್ಳುತ್ತಾರೆ, ಕಿಟ್ ಬದಲಾದರೆ ಅದೂ ಸ್ವಲ್ಪ ಬದಲಾಗುತ್ತದೆ. ಗಡ್ಡೆಯ ಹೊರೆ ಎಷ್ಟಿದೆ ಅನ್ನುವುದನ್ನು ಎಲ್‌ಡಿಎಚ್‌ಗಿಂತ ಇದು ಸ್ವಲ್ಪ ನೇರವಾಗಿ ಹೇಳುತ್ತದೆ, ಯಾಕಂದ್ರೆ ಎಲ್‌ಡಿಎಚ್ ಥರ ಕಂಡ ಕಂಡ ಕೋಶದಿಂದೆಲ್ಲ ಬರುವುದಿಲ್ಲ.

ಆದರೆ ಬರೀ ಮೆಲನೋಮದಿಂದಲೇ ಬರುತ್ತದೆ ಅಂತಲೂ ಇಲ್ಲ. ಮೆದುಳಿನ ಗ್ಲಿಯಲ್ ಕೋಶಗಳಲ್ಲಿ ಇದೆ, ಕೊಬ್ಬಿನ ಕೋಶಗಳಲ್ಲೂ ಇದೆ. ತಲೆಗೆ ಪೆಟ್ಟಾದರೆ ಏರುತ್ತದೆ. ಎಷ್ಟರಮಟ್ಟಿಗೆ ಅಂದರೆ, ಸ್ಕ್ಯಾಂಡಿನೇವಿಯಾದ ವೈದ್ಯರ 2013ರ ಮಾರ್ಗಸೂಚಿಯಲ್ಲಿ ತಲೆಗೆ ಸಣ್ಣ ಪೆಟ್ಟು ಬಿದ್ದವರಿಗೆ ಸಿಟಿ ಸ್ಕ್ಯಾನ್ ಬೇಕಾ ಬೇಡವಾ ಅಂತ ತೀರ್ಮಾನಿಸಲು ಇದೇ ಪ್ರೋಟೀನ್ ಅಳೆಯುತ್ತಾರೆ! ಆರಂಭದ ಸ್ಟೇಜ್‌ನಲ್ಲಂತೂ ಗಡ್ಡೆ ಇಷ್ಟೇ ಇಷ್ಟು ಇರುವುದರಿಂದ ರಕ್ತದಲ್ಲಿ ಏರುವುದೇ ಕಡಿಮೆ. ನಾರ್ಮಲ್ ಬಂತು ಅಂತ ನಿಶ್ಚಿಂತೆಯಿಂದ ಚೆಕಪ್ ಬಿಡುವ ಹಾಗಿಲ್ಲ.

ಎಂಐಎ?

ಮೆಲನೋಮ ಕೋಶ ಹೊರಗೆ ಬಿಡುವ ಇನ್ನೊಂದು ಪ್ರೋಟೀನ್. ಮುಂದುವರಿದ ಕಾಯಿಲೆಯಲ್ಲಿ ಏರುತ್ತದೆ. ಮೃದ್ವಸ್ಥಿಯ ಕೋಶಗಳೂ ಇದನ್ನು ಮಾಡುವುದರಿಂದ ಕೀಲು ತೊಂದರೆ ಇದ್ದವರಲ್ಲಿ ಗೊಂದಲ ಆಗಬಹುದು. ಎಸ್100ಬಿ ಸಿಗುವ ಕಡೆ ಇದರಿಂದ ಹೆಚ್ಚಿನ ಲಾಭ ಇದೆ ಅಂತ ನನಗೆ ಅನಿಸುವುದಿಲ್ಲ.

ಬಯೋಪ್ಸಿ ರಿಪೋರ್ಟ್‌ನಲ್ಲಿ ಸಾಕ್ಸ್10, ಮೆಲನ್-ಎ, ಎಚ್‌ಎಂಬಿ-45 ಪಾಸಿಟಿವ್ ಅಂತ ಇದೆ. ಪಾಸಿಟಿವ್ ಅಂದ್ರೆ ಕೆಟ್ಟದ್ದಾ?

ಇವು ಭವಿಷ್ಯ ಹೇಳುವ ಪ್ರೋಟೀನ್‌ಗಳಲ್ಲ, ಗುರುತು ಹಿಡಿಯುವವು. ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿ, ಕೆಲವೇ ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ ಗಾಜಿನ ಮೇಲೆ ಹಚ್ಚುತ್ತಾರೆ. ಒಂದೊಂದು ಪ್ರೋಟೀನ್‌ಗೆ ಅಂಟುವ ಆ್ಯಂಟಿಬಾಡಿ ಹಾಕಿದಾಗ, ಆ ಪ್ರೋಟೀನ್ ಇದ್ದ ಕಡೆ ಕಂದು ಇಲ್ಲವೇ ಕೆಂಪು ಬಣ್ಣ ಬರುತ್ತದೆ. ಇದೇ ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಆಸ್ಪತ್ರೆ ಭಾಷೆಯಲ್ಲಿ ಐಎಚ್‌ಸಿ. ಮೆಲನೋಮದ ಸ್ಲೈಡ್‌ಗೆ ಕೆಂಪು ಬಣ್ಣವೇ ವಾಸಿ ಅನ್ನುವವರು ಬಹಳ, ಯಾಕಂದ್ರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಕಂದು, ಎರಡೂ ಒಂದೇ ಥರ ಕಂಡರೆ ಪ್ಯಾಥಾಲಜಿಸ್ಟ್ ಪಾಡು ಕೇಳಬೇಡಿ.

ಸಾಕ್ಸ್10, ಮೆಲನ್-ಎ ಪಾಸಿಟಿವ್ ಅಂದರೆ 'ಈ ಕೋಶಗಳು ಮೆಲನೋಸೈಟ್ (ಮೆಲನಿನ್ ಮಾಡುವ ಕೋಶ) ಕುಲದವು' ಅಂತ, ಅಷ್ಟೇ. ನಿರುಪದ್ರವಿ ಮಚ್ಚೆಯಲ್ಲೂ ಇವು ಪಾಸಿಟಿವ್ ಬರುತ್ತವೆ.

ಹಾಗಾದರೆ ಕೆಐ-67, ಪ್ರೇಮ್, ಪಿ16?

ಕೆಐ-67 ಎಷ್ಟು ಕೋಶಗಳು ವಿಭಜನೆಯಲ್ಲಿವೆ ಅಂತ ತೋರಿಸುತ್ತದೆ. ಜಾಸ್ತಿ ಇದ್ದರೆ ಗಡ್ಡೆಗೆ ಅವಸರ ಜಾಸ್ತಿ. ಆದರೆ ಮೆಲನೋಮದಲ್ಲಿ 'ಇಷ್ಟು ಶೇಕಡಾ ದಾಟಿದರೆ ಅಪಾಯ' ಅನ್ನುವ, ಎಲ್ಲರೂ ಒಪ್ಪಿದ ಗೆರೆ ಇಲ್ಲ. ಎಣಿಸುವವರು ಬೇರೆಯಾದರೆ ಅಂಕಿಯೂ ಬೇರೆ.

ಪ್ರೇಮ್ ಒಳ್ಳೆಯ ಉಪಯೋಗಕ್ಕೆ ಬಂದಿದೆ, ಆದರೆ ಬೇರೆ ಕೆಲಸಕ್ಕೆ. 2018ರಿಂದೀಚೆಗೆ ಮಚ್ಚೆಯಾ ಮೆಲನೋಮವಾ ಅಂತ ಅನುಮಾನ ಬಂದಾಗ ಇದನ್ನು ಹಾಕಿ ನೋಡುತ್ತಾರೆ. ಮೆಲನೋಮಗಳಲ್ಲಿ 80%ಕ್ಕೂ ಹೆಚ್ಚು ತುಂಬಾ ಗಾಢವಾಗಿ ಬಣ್ಣ ತೆಗೆದುಕೊಳ್ಳುತ್ತವೆ, ಸಾಧಾರಣ ಮಚ್ಚೆಗಳಲ್ಲಿ ಬಹುತೇಕ ಬರುವುದೇ ಇಲ್ಲ. ಪಿ16 ಇದರ ಉಲ್ಟಾ. ಅದು ಕೋಶ ವಿಭಜನೆಗೆ ಬ್ರೇಕ್ ಹಾಕುವ ಪ್ರೋಟೀನ್, ಪೂರ್ತಿ ಮಾಯವಾಗಿದ್ದರೆ ಅನುಮಾನ ಹೆಚ್ಚುತ್ತದೆ. ಇವ್ಯಾವುದನ್ನೂ ಒಂಟಿಯಾಗಿ ನೋಡಿ 'ಇಷ್ಟು ವರ್ಷ' ಅಂತ ಯಾರೂ ಹೇಳುವುದಿಲ್ಲ. ಹೇಳಿದರೆ ಕೇಳಬೇಡಿ.

ಬಿಆರ್‌ಎಎಫ್ ಜೀನ್ ಅಲ್ವಾ? ಪ್ರೋಟೀನ್ ಪಟ್ಟಿಯಲ್ಲಿ ಯಾಕೆ?

ಜೀನ್ ಹೆಸರೂ ಅದೇ, ಅದು ಮಾಡುವ ಪ್ರೋಟೀನ್ ಹೆಸರೂ ಅದೇ. ಚರ್ಮದ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ಹೆಚ್ಚು ಕಾಣುವುದು ವಿ600ಇ, ಪ್ರೋಟೀನ್ ಸರಪಳಿಯ 600ನೇ ಜಾಗದಲ್ಲಿ ವ್ಯಾಲಿನ್ ಇರಬೇಕಾದ ಕಡೆ ಗ್ಲುಟಾಮೇಟ್ ಬಂದು ಕೂತಿರುತ್ತದೆ. ಆ ಒಂದು ಬದಲಾವಣೆಯಿಂದ 'ಬೆಳೆ, ಬೆಳೆ' ಅನ್ನುವ ಸಂಕೇತ ನಿಲ್ಲುವುದೇ ಇಲ್ಲ.

ವಿಇ1 ಅನ್ನುವ ಆ್ಯಂಟಿಬಾಡಿ ಈ ಕೆಟ್ಟ ಪ್ರೋಟೀನನ್ನು ಗಾಜಿನ ಸ್ಲೈಡ್ ಮೇಲೇ ಹಿಡಿಯುತ್ತದೆ. ರಿಸಲ್ಟ್ ಬೇಗ ಸಿಗುತ್ತದೆ. ಒಂದು ಕೊರತೆ ಇದೆ, ಅದು ವಿ600ಇ ಮಾತ್ರ ಗುರುತಿಸುತ್ತದೆ. ವಿ600ಕೆ ಥರದ್ದು ತಪ್ಪಿಹೋಗುತ್ತದೆ. ಹಾಗಾಗಿ ನೆಗೆಟಿವ್ ಬಂದರೆ ಜೀನ್ ಪರೀಕ್ಷೆಯನ್ನೂ ಮಾಡಿಸಿದ್ದಾರಾ ಅಂತ ವಿಚಾರಿಸಿ, ಯಾಕಂದ್ರೆ ವಿ600ಕೆ ಇದ್ದವರಿಗೂ ಮೇಲೆ ಹೇಳಿದ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆಗಳು ಕೆಲಸ ಮಾಡುತ್ತವೆ. ಅಂಗೈ, ಅಂಗಾಲು, ಉಗುರಿನ ಅಡಿಯಲ್ಲಿ ಬರುವ ಮೆಲನೋಮದಲ್ಲಿ ಬಿಆರ್‌ಎಎಫ್ ಬದಲಾವಣೆ ಕಡಿಮೆ. ಕಪ್ಪು, ಕಂದು ಬಣ್ಣದ ಚರ್ಮದವರಲ್ಲಿ ಮೆಲನೋಮ ಬಂದಾಗ ಹೆಚ್ಚಾಗಿ ಕಾಣುವುದು ಈ ಬಗೆಯೇ.

'ಪ್ರೋಗ್ನಾಸ್ಟಿಕ್', 'ಪ್ರಿಡಿಕ್ಟಿವ್' ಎರಡೂ ಒಂದೇ ಅಲ್ವಾ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಟೈಮ್ ಇದ್ದರೆ ಇದನ್ನು ಓದಿ.

ಯಾವ ಚಿಕಿತ್ಸೆ ಕೊಟ್ಟರೂ ಕಾಯಿಲೆ ಒಟ್ಟಾರೆ ಹೇಗೆ ಹೋಗಬಹುದು ಅಂತ ಹೇಳುವುದು ಪ್ರೋಗ್ನಾಸ್ಟಿಕ್. ಒಂದು ನಿರ್ದಿಷ್ಟ ಔಷಧ ಈ ರೋಗಿಗೆ ಹಿಡಿಯುತ್ತದಾ ಅಂತ ಹೇಳುವುದು ಪ್ರಿಡಿಕ್ಟಿವ್. ಎಲ್‌ಡಿಎಚ್ ಮೊದಲನೆಯದು. ಏರಿದ್ದರೆ ಮಾತ್ರೆಯಲ್ಲೂ, ಇಮ್ಯುನೊಥೆರಪಿಯಲ್ಲೂ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಫಲಿತಾಂಶ ಸ್ವಲ್ಪ ಹಿಂದೆ ಬೀಳುತ್ತದೆ, ಆದರೆ ಯಾವುದನ್ನು ಕೊಡಬೇಕು ಅಂತ ಅದು ಹೇಳುವುದಿಲ್ಲ. ಬಿಆರ್‌ಎಎಫ್ ವಿ600 ಎರಡನೆಯದು. ಆ ಬದಲಾವಣೆ ಇಲ್ಲದವರಿಗೆ ಬಿಆರ್‌ಎಎಫ್ ಮಾತ್ರೆ ಕೊಟ್ಟರೆ ಉಪಯೋಗವಿಲ್ಲ, ಕೆಡುಕೂ ಆಗಬಹುದು.

ಪ್ರೋಗ್ನಾಸ್ಟಿಕ್ ಮಾರ್ಕರ್ ಕೆಟ್ಟದಾಗಿ ಬಂತು ಅಂತ 'ಇನ್ನು ಔಷಧ ಕೊಟ್ಟು ಏನು ಬಂತು' ಅಂತ ಮನೆಯವರು ಕೈಚೆಲ್ಲುವುದನ್ನು ಕೇಳಿದ್ದೇನೆ. ಅದು ಪೂರಾ ತಪ್ಪು ಲೆಕ್ಕ. ಎಲ್‌ಡಿಎಚ್ ಏರಿದ್ದ ಆ ಗುಂಪಿನಲ್ಲೂ 16% ಜನ 5 ವರ್ಷ ದಾಟಿದ್ದರು ಅಂತ ಮೇಲೆಯೇ ಬರೆದಿದ್ದೇನಲ್ಲ.

ಪಿಡಿ-ಎಲ್1 ನೆಗೆಟಿವ್ ಬಂದಿದೆ. ಇಮ್ಯುನೊಥೆರಪಿ ವರ್ಕ್ ಆಗಲ್ವಾ?

ಆಗಬಹುದು. ಮೆಲನೋಮದಲ್ಲಿ ಪಿಡಿ-ಎಲ್1 ನೆಗೆಟಿವ್ ಅಂತ ಔಷಧ ನಿರಾಕರಿಸುವುದಿಲ್ಲ.

ಪಿಡಿ-ಎಲ್1 ಗಡ್ಡೆಯ ಕೋಶದ ಮೇಲೆ ಕೂತು, ರೋಗನಿರೋಧಕ ಟಿ-ಕೋಶಗಳಿಗೆ 'ಸುಮ್ನಿರು' ಅಂತ ಹೇಳುವ ಪ್ರೋಟೀನ್. ಟಿ-ಕೋಶದ ಮೇಲೆ ಇದನ್ನು ಕೇಳಿಸಿಕೊಳ್ಳುವ ಪ್ರೋಟೀನ್ ಪಿಡಿ-1. ಪಿಡಿ-1 ಮತ್ತು ಸಿಟಿಎಲ್‌ಎ-4 ಎಂಬ ಬ್ರೇಕ್‌ಗಳ ಸಂಶೋಧನೆಗೆ ತಸುಕು ಹೊಂಜೊ ಮತ್ತು ಜೇಮ್ಸ್ ಆ್ಯಲಿಸನ್ 2018ರಲ್ಲಿ ನೊಬೆಲ್ ಹಂಚಿಕೊಂಡರು. ಪಿಡಿ-ಎಲ್1 ಜಾಸ್ತಿ ಇದ್ದವರಲ್ಲಿ ಫಲಿತಾಂಶ ಸರಾಸರಿಯಲ್ಲಿ ಸ್ವಲ್ಪ ಚೆನ್ನಾಗಿರುತ್ತದೆ ನಿಜ. ಆದರೆ ನೆಗೆಟಿವ್ ಇದ್ದವರಲ್ಲೂ ಗಡ್ಡೆ ಕರಗಿ ವರ್ಷಗಟ್ಟಲೆ ಚೆನ್ನಾಗಿರುವವರು ಇದ್ದಾರೆ. ಈ ಪ್ರೋಟೀನ್ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ, ಗಡ್ಡೆಯ ಒಂದು ಮೂಲೆಯಲ್ಲಿ ಇದ್ದರೆ ಇನ್ನೊಂದು ಮೂಲೆಯಲ್ಲಿ ಇರುವುದಿಲ್ಲ, ಸೂಜಿ ಯಾವ ಮೂಲೆಗೆ ಹೋಯಿತು ಅನ್ನುವುದರ ಮೇಲೆ ರಿಪೋರ್ಟ್ ನಿಂತಿರುತ್ತದೆ. ಜೊತೆಗೆ ಪರೀಕ್ಷೆಗೆ ಬಳಸುವ ಆ್ಯಂಟಿಬಾಡಿಗಳೂ ಬೇರೆ ಬೇರೆ.

ಒಂದು ಕಡೆ ಮಾತ್ರ ಇದು ಕಾಗದದ ಮೇಲೆ ಲೆಕ್ಕಕ್ಕೆ ಬರುತ್ತದೆ. ಪಿಡಿ-1 ತಡೆಯುವ ನಿವೊಲುಮಾಬ್ ಜೊತೆ ರೆಲಾಟ್ಲಿಮಾಬ್ ಸೇರಿಸಿದ ಔಷಧಕ್ಕೆ ಯುರೋಪ್‌ನಲ್ಲಿ ಪಿಡಿ-ಎಲ್1 1%ಕ್ಕಿಂತ ಕಡಿಮೆ ಇದ್ದವರಿಗಷ್ಟೇ ಅನುಮತಿ ಇದೆ. ಅಮೆರಿಕದಲ್ಲಿ 2022ರಲ್ಲಿ ಅನುಮತಿ ಕೊಡುವಾಗ ಆ ಷರತ್ತು ಹಾಕಲಿಲ್ಲ. ಡೇಟಾ ಅದೇ, ತೀರ್ಪು ಎರಡು.

ಸಿಆರ್‌ಪಿ, ಇಂಟರ್‌ಲ್ಯೂಕಿನ್-8 ಇವೆಲ್ಲ ನೋಡುತ್ತಾರಂತೆ?

ಉರಿಯೂತದ ಪ್ರೋಟೀನ್‌ಗಳು. ಇಮ್ಯುನೊಥೆರಪಿ ಶುರು ಮಾಡುವ ಮೊದಲೇ ಇಂಟರ್‌ಲ್ಯೂಕಿನ್-8 ಜಾಸ್ತಿ ಇದ್ದವರಲ್ಲಿ ಫಲಿತಾಂಶ ಕಡಿಮೆ ಅಂತ 2020ರಲ್ಲಿ ದೊಡ್ಡ ಅಧ್ಯಯನಗಳು ಬಂದವು, ಮೆಲನೋಮ ಒಂದೇ ಅಲ್ಲ, ಬೇರೆ ಕ್ಯಾನ್ಸರ್‌ಗಳಲ್ಲೂ. ಅದು ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳನ್ನು ಗಡ್ಡೆಯ ಕಡೆ ಕರೆದು ಟಿ-ಕೋಶಗಳ ಕೆಲಸ ಕೆಡಿಸುತ್ತದೆ ಅನ್ನುವುದು ವಿವರಣೆ. ಸಿಆರ್‌ಪಿಯದೂ ಅದೇ ದಿಕ್ಕು. ಆದರೆ ಜ್ವರ ಬಂದರೆ, ಹಲ್ಲಿನ ಸೋಂಕಾದರೆ ಕೂಡ ಸಿಆರ್‌ಪಿ ಏರುತ್ತದೆ. ಚಿಕಿತ್ಸೆ ಯಾವುದು ಅಂತ ತೀರ್ಮಾನಿಸಲು ಇವನ್ನು ಬಳಸುವ ಹಂತಕ್ಕೆ ಬಂದಿಲ್ಲ.

ಮರ್ಕೆಲ್ ಸೆಲ್ ಕಾರ್ಸಿನೋಮದಲ್ಲಿ ಏನಾದರೂ ಇದೆಯಾ?

ಇದೆ, ಮತ್ತು ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತ್ಯಂತ ಚಂದದ ಪರೀಕ್ಷೆ ಇದೇ. ಈ ಕ್ಯಾನ್ಸರ್‌ಗಳಲ್ಲಿ ಸುಮಾರು 80%ರಷ್ಟರ ಹಿಂದೆ ಒಂದು ವೈರಸ್ ಇದೆ, ಮರ್ಕೆಲ್ ಸೆಲ್ ಪಾಲಿಯೋಮಾವೈರಸ್ ಅಂತ, 2008ರಲ್ಲಿ ಪತ್ತೆಯಾಯಿತು. ವೈರಸ್‌ನ ಕೆಟ್ಟ ಪ್ರೋಟೀನ್ ವಿರುದ್ಧ ಸುಮಾರು ಅರ್ಧದಷ್ಟು ರೋಗಿಗಳ ದೇಹ ಆ್ಯಂಟಿಬಾಡಿ ಮಾಡಿಕೊಳ್ಳುತ್ತದೆ. ಗಡ್ಡೆ ತೆಗೆದ ಮೇಲೆ ಆ್ಯಂಟಿಬಾಡಿ ಮಟ್ಟ ಇಳಿಯುತ್ತಾ ಹೋಗುತ್ತದೆ. ಮತ್ತೆ ಏರತೊಡಗಿದರೆ ಕಾಯಿಲೆ ಮರಳಿರಬಹುದು, ಸ್ಕ್ಯಾನ್ ಮಾಡಿ ನೋಡಬೇಕು.

ಇದರಲ್ಲಿ ಟೈಮಿಂಗ್ ಮುಖ್ಯ. ಚಿಕಿತ್ಸೆ ಶುರುವಾದ 3 ತಿಂಗಳ ಒಳಗೆ ಮೊದಲ ಪರೀಕ್ಷೆ ಆಗಿರಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಶುರುವಿನಲ್ಲೇ ಆ್ಯಂಟಿಬಾಡಿ ಇಲ್ಲ ಅಂತ ಬಂದವರಿಗೆ ಈ ರಕ್ತ ಪರೀಕ್ಷೆಯಿಂದ ಕಣ್ಣಿಡಲು ಆಗುವುದಿಲ್ಲ, ಅವರಲ್ಲಿ ಮರುಕಳಿಸುವ ಅಪಾಯವೂ ತುಸು ಹೆಚ್ಚು, ಅವರಿಗೆ ಸ್ಕ್ಯಾನ್‌ಗಳೇ ಗತಿ. ಈ ಕ್ಯಾನ್ಸರ್ ಮರಳುವುದಾದರೆ ಹೆಚ್ಚಾಗಿ ಮೊದಲ 3 ವರ್ಷದಲ್ಲೇ ಮರಳುತ್ತದೆ. ಆ ಅವಧಿಯಲ್ಲಿ ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಿರುತ್ತಾರೆ.

ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್‌ಗೆ?

ಬೇಸಲ್ ಸೆಲ್ ಬೇರೆ ಅಂಗಕ್ಕೆ ಹರಡುವುದು 1%ಕ್ಕಿಂತ ತುಂಬಾ ಕಡಿಮೆ. ರಕ್ತದ ಮಾರ್ಕರ್‌ನ ಅಗತ್ಯವೇ ಇಲ್ಲ. ಸ್ಕ್ವೇಮಸ್ ಸೆಲ್‌ನಲ್ಲಿ ಗಾತ್ರ, ಆಳ, ನರದ ಸುತ್ತ ಹಬ್ಬಿದೆಯಾ, ತುಟಿ ಕಿವಿಯಂಥ ಜಾಗವಾ, ಅಂಗಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದಾರಾ, ಇವೇ ಅಪಾಯ ಹೇಳುವುದು.

ಕಣ್ಣಿನ ಮೆಲನೋಮ?

ಅದು ಚರ್ಮದ್ದಲ್ಲ, ಆದರೂ ಜನ ಕೇಳುತ್ತಾರೆ. ಅಲ್ಲಿ ಬಿಎಪಿ1 ಪ್ರೋಟೀನ್ ಗಡ್ಡೆಯಿಂದ ಮಾಯವಾಗಿದ್ದರೆ ಹರಡುವ ಅಪಾಯ, ಅದರಲ್ಲೂ ಲಿವರ್‌ಗೆ, ಬಹಳ ಹೆಚ್ಚು. ಇಲ್ಲಿ ಒಂದು ಪ್ರೋಟೀನ್ ನಿಜವಾಗಲೂ ದೊಡ್ಡ ಮಾತು ಹೇಳುತ್ತದೆ.

ತಿಂಗಳಿಗೊಂದು 'ಹೊಸ ಪ್ರೋಟೀನ್ ಪತ್ತೆ' ಸುದ್ದಿ ಬರುತ್ತದೆ. ಆಸ್ಪತ್ರೆಗೆ ಯಾಕೆ ಬರುವುದಿಲ್ಲ?

ಎರಡು ಕಾರಣ. ಮೊದಲನೆಯದು ರಕ್ತವೇ. ಅದರಲ್ಲಿರುವ ಪ್ರೋಟೀನ್‌ನಲ್ಲಿ ಅರ್ಧಕ್ಕರ್ಧ ಆಲ್ಬುಮಿನ್, ಲೀಟರ್‌ಗೆ ಸುಮಾರು 40 ಗ್ರಾಂ. ಎಸ್100ಬಿ ಮಿತಿ ಲೀಟರ್‌ಗೆ 0.1 ಮೈಕ್ರೋಗ್ರಾಂ. ಭಾಗಾಕಾರ ಮಾಡಿ ನೋಡಿ, 40 ಕೋಟಿ ಪಟ್ಟು ವ್ಯತ್ಯಾಸ! ಆ ರಾಶಿಯಲ್ಲಿ ಗಡ್ಡೆಯಿಂದ ಬಂದ ಒಂದು ಚೂರನ್ನು ನಂಬಿಕೆಯಿಂದ ಅಳೆಯುವುದು ಸುಲಭದ ಮಾತಲ್ಲ. ಮಾಸ್ ಸ್ಪೆಕ್ಟ್ರೊಮೆಟ್ರಿ, ಆ್ಯಂಟಿಬಾಡಿ ಜೋಡಿ ಬಳಸುವ ಹೊಸ ವಿಧಾನಗಳು ಬಂದು ಒಂದೇ ಹನಿಯಲ್ಲಿ ಸಾವಿರಾರು ಪ್ರೋಟೀನ್ ಅಳೆಯುವಂತಾಗಿದೆ.

ಎರಡನೆಯ ಕಾರಣ ಅಲ್ಲಿಂದಲೇ ಹುಟ್ಟುತ್ತದೆ. 60 ರೋಗಿಗಳಲ್ಲಿ 3,000 ಪ್ರೋಟೀನ್ ಅಳೆದರು ಅಂದುಕೊಳ್ಳಿ. ಒಂದಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲದಿದ್ದರೂ, 5% ಆಕಸ್ಮಿಕದ ಲೆಕ್ಕದಲ್ಲಿ 150 ಪ್ರೋಟೀನ್‌ಗಳು 'ಸಂಬಂಧ ಇದೆ' ಅಂತ ತೋರಿಸಿಕೊಳ್ಳುತ್ತವೆ. ಅದರಲ್ಲಿ ಚೆನ್ನಾಗಿ ಕಂಡ ಐದನ್ನು ಆರಿಸಿ ಬರೆದರೆ ಸುದ್ದಿ ರೆಡಿ. ಬೇರೆ ಊರಿನ, ಬೇರೆ ಆಸ್ಪತ್ರೆಯ ರೋಗಿಗಳಲ್ಲಿ ಮತ್ತೆ ನೋಡಿದಾಗ ಮಾಯ. ಇದನ್ನು ತಡೆಯಲೆಂದೇ 2005ರಲ್ಲಿ ರಿಮಾರ್ಕ್ ಅನ್ನುವ ವರದಿ ನಿಯಮಾವಳಿ ಬಂತು. ಪಾಲಿಸುವವರೂ ಇದ್ದಾರೆ, ಪಾಲಿಸದವರೂ ಇದ್ದಾರೆ.

ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 2011ಕ್ಕಿಂತ ಮೊದಲು ಹರಡಿದ ಮೆಲನೋಮದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಒಂದು ವರ್ಷ ದಾಟುತ್ತಿರಲಿಲ್ಲ. ಆ ವರ್ಷ ಇಪಿಲಿಮುಮಾಬ್ (ಇಮ್ಯುನೊಥೆರಪಿ), ವೆಮುರಾಫೆನಿಬ್ (ಬಿಆರ್‌ಎಎಫ್ ಮಾತ್ರೆ) ಬಂದವು, 2014ರಲ್ಲಿ ಪಿಡಿ-1 ಔಷಧಗಳು. ಇಪಿಲಿಮುಮಾಬ್ ಮತ್ತು ನಿವೊಲುಮಾಬ್ ಜೊತೆಯಾಗಿ ಪಡೆದವರಲ್ಲಿ 43% ಜನ 10 ವರ್ಷದ ನಂತರವೂ ಬದುಕಿದ್ದರು ಅಂತ 2024ರಲ್ಲಿ ಪ್ರಕಟವಾಯಿತು. ಹಳೇ ಕಾಲದ ರೋಗಿಗಳ ಮೇಲೆ ಕಟ್ಟಿದ ಮಾರ್ಕರ್ ಗೆರೆಗಳನ್ನು ಈಗಿನವರಿಗೆ ಹಾಗೇ ಹಾಕಿದರೆ ಹೇಗೆ ಹೊಂದುತ್ತದೆ? ಮೇಲೆ ಕೊಟ್ಟ ಸ್ಟೇಜ್ ಅಂಕಿಗಳೂ 1998ರಿಂದೀಚೆಗಿನ ರೋಗಿಗಳ ದಾಖಲೆಯಿಂದ ಬಂದವು, ಈಗಿನ ಔಷಧ ಸಿಗದವರೇ ಅದರಲ್ಲಿ ಬಹಳ.

'90% ನಿಖರ' ಅಂತ ಬರೆದ ಪರೀಕ್ಷೆಯನ್ನು ನಂಬಬಹುದಾ?

ಯಾರಲ್ಲಿ ಮಾಡಿದರು ಅಂತ ಕೇಳಿ. ಲೆಕ್ಕಕ್ಕಾಗಿ ಹೀಗೆ ಅಂದುಕೊಳ್ಳೋಣ: ಆರಂಭದ ಸ್ಟೇಜ್‌ನ 1,000 ಜನ, ಅವರಲ್ಲಿ 50 ಜನರಿಗೆ ಮರುಕಳಿಸುತ್ತದೆ. ಪರೀಕ್ಷೆ ಮರುಕಳಿಸುವವರಲ್ಲಿ 80% ಹಿಡಿಯುತ್ತದೆ, ಮರುಕಳಿಸದವರಲ್ಲಿ 90% ಜನರಿಗೆ ಸರಿಯಾಗಿ 'ಇಲ್ಲ' ಅನ್ನುತ್ತದೆ. ಆಗ 50ರಲ್ಲಿ 40 ಜನ ಪಾಸಿಟಿವ್. ಉಳಿದ 950ರಲ್ಲಿ 95 ಜನ ಸುಮ್ನೆ ಪಾಸಿಟಿವ್. ಒಟ್ಟು 135 ಜನ ಹೆದರಿ ಕೂತಿರುತ್ತಾರೆ, ಅವರಲ್ಲಿ ನಿಜವಾಗಿ ಮರುಕಳಿಸುವುದು 40 ಜನಕ್ಕೆ, ಅಂದರೆ ಮೂರರಲ್ಲಿ ಒಂದಕ್ಕಿಂತ ಕಡಿಮೆ. ಜಾಹೀರಾತು ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲಿಲ್ಲ.

ಜೀನ್ ಪ್ಯಾನೆಲ್, ಸಿಟಿಡಿಎನ್‌ಎ ಬಂದ ಮೇಲೆ ಪ್ರೋಟೀನ್ ಬೇಕಾ?

ಗಡ್ಡೆಯಲ್ಲಿ 31 ಜೀನ್‌ಗಳ ಚಟುವಟಿಕೆ ನೋಡುವ ಪರೀಕ್ಷೆ ಮಾರುಕಟ್ಟೆಯಲ್ಲಿದೆ, ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಚೂರು ಹುಡುಕುವ ಪರೀಕ್ಷೆಯೂ ಇದೆ. ಡಿಎನ್‌ಎ ಚೂರಿಗೆ ಒಂದು ಅನುಕೂಲ, ಆ ಬದಲಾವಣೆ ಗಡ್ಡೆಯಲ್ಲಿ ಮಾತ್ರ ಇರುವುದರಿಂದ ಲಿವರ್‌ನದೋ ಸ್ನಾಯುವಿನದೋ ಅನ್ನುವ ಅನುಮಾನ ಕಡಿಮೆ. ಆದರೆ ಗಡ್ಡೆ ಚಿಕ್ಕದಿದ್ದರೆ ಅಲ್ಲೂ ಸಿಗುವುದಿಲ್ಲ. ಜೀನ್, ಪ್ರೋಟೀನ್ ಎರಡನ್ನೂ ಸೇರಿಸಿ ನೋಡುವ ಕಡೆಗೇ ಕೆಲಸ ಸಾಗುತ್ತಿದೆ.

ರಕ್ತ ಕೊಡುವ ಮುನ್ನ ಏನು ಗಮನಿಸಬೇಕು?

ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಹೇಳಿ. ಕೆಲವು ಯಂತ್ರಗಳು ಪ್ರೋಟೀನ್ ಹಿಡಿಯಲು ಬಯೋಟಿನ್ ಅನ್ನೇ ಕೊಂಡಿಯಾಗಿ ಬಳಸುತ್ತವೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಎಸ್100ಬಿಯಂಥ ಪರೀಕ್ಷೆಯಲ್ಲಿ ಅಂಕಿ ಸುಳ್ಳಾಗಿ ಕಡಿಮೆ ಬರಬಹುದು. ಅಮೆರಿಕದ ಎಫ್‌ಡಿಎ 2017ರಲ್ಲಿ ಬಯೋಟಿನ್ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತು. ಹಿಂದಿನ ದಿನ ಜೋರು ವ್ಯಾಯಾಮ ಬೇಡ. ಆದಷ್ಟೂ ಒಂದೇ ಲ್ಯಾಬ್‌ಗೆ ಹೋಗಿ. ಒಂದು ಲ್ಯಾಬ್‌ನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿದರೆ ಏರಿದ್ದು ಕಾಯಿಲೆಯಾ ಕಿಟ್ಟಾ ಅಂತ ಗೊತ್ತಾಗುವುದಿಲ್ಲ. ಒಂದೇ ಸಲದ ಅಂಕಿಗಿಂತ ಸಾಲಾಗಿ ಬಂದ ಮೂರ್ನಾಲ್ಕು ಅಂಕಿಗಳು ಹೆಚ್ಚು ಹೇಳುತ್ತವೆ.

ಆಹಾರ ಬದಲಿಸಿ ಎಲ್‌ಡಿಎಚ್ ಇಳಿಸಬಹುದಾ?

ಇಳಿಸಿ ಪ್ರಯೋಜನವಿಲ್ಲ. ಅಂಕಿ ಏರಿದ್ದು ಗಡ್ಡೆಯಿಂದ ಆಗಿದ್ದರೆ ಗಡ್ಡೆಗೆ ಚಿಕಿತ್ಸೆ ಬೇಕು. ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತದೆ ಅನ್ನುವ ಮಾತು ತುಂಬಾ ಓಡಾಡುತ್ತದೆ, ನಂಬಿ ತೂಕ ಕಳೆದುಕೊಂಡರೆ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ.

ಡಾಕ್ಟರ್ ಹತ್ತಿರ ಏನು ಕೇಳಲಿ?

'ಈ ಪರೀಕ್ಷೆ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?' ಎರಡಕ್ಕೂ ಉತ್ತರ ಒಂದೇ ಆದರೆ ಪರೀಕ್ಷೆ ಯಾಕೆ ಅಂತ ಮುಂದಿನ ಪ್ರಶ್ನೆ. ಬ್ರೆಸ್ಲೋ ದಪ್ಪ ಎಷ್ಟು, ಹುಣ್ಣು ಇದೆಯಾ, ಬಿಆರ್‌ಎಎಫ್ ಮಾಡಿಸಿದ್ದೀರಾ ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ.

ಕಾಯಿಲೆ ಇಲ್ಲದವರು ಸುಮ್ನೆ ಒಮ್ಮೆ ಈ ಮಾರ್ಕರ್ ಪರೀಕ್ಷೆ ಮಾಡಿಸಬಹುದಾ?

ಬೇಡ. ಆರಂಭದ ಚರ್ಮದ ಕ್ಯಾನ್ಸರ್ ಹಿಡಿಯುವ ರಕ್ತದ ಪ್ರೋಟೀನ್ ಪರೀಕ್ಷೆ ಬಳಕೆಯಲ್ಲಿ ಇಲ್ಲ. ಕಣ್ಣಿಗೇ ಕಾಣುವ ಅಂಗ ಅಲ್ವಾ ಇದು, ಕನ್ನಡಿ ಮುಂದೆ ನಿಂತು ನೋಡಿ. ಮಚ್ಚೆಯ ಎರಡು ಅರ್ಧ ಒಂದೇ ಥರ ಇಲ್ಲದಿದ್ದರೆ, ಅಂಚು ಕೊರೆದಂತಿದ್ದರೆ, ಒಂದರಲ್ಲೇ ನಾಲ್ಕು ಬಣ್ಣ ಇದ್ದರೆ, 6 ಮಿ.ಮೀ. ದಾಟಿದ್ದರೆ, ಅದಕ್ಕಿಂತ ಮುಖ್ಯವಾಗಿ ಇತ್ತೀಚೆಗೆ ಬದಲಾಗುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅಂಗಾಲು ಮತ್ತು ಉಗುರಿನ ಅಡಿ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ, ಪೆಟ್ಟು ಬಿದ್ದದ್ದಿರಬೇಕು ಅಂತ ತಿಂಗಳುಗಟ್ಟಲೆ ಕಾಯಬೇಡಿ.